ಜನಗಣಮನ ಯಾವ ಜಾರ್ಜನಿಗೂ ಬರೆದುದಲ್ಲ

ಈ ಸಲದ ಗಣರಾಜ್ಯೋತ್ಸವದ ಹಿಂದಿನ ರಾತ್ರಿ ಹಳೆಯ ವಿದ್ಯಾರ್ಥಿಯೊಬ್ಬ ನನಗೊಂದು ಸಂದೇಶ ಕಳುಹಿಸಿದ. 1989ರಲ್ಲಿ ನನ್ನಲ್ಲಿ ಹತ್ತನೆಯ ತರಗತಿ ಓದಿದವನು. ಹೆಸರು ಬರೆಯುವುದಿಲ್ಲ, ಓದುತ್ತಿದ್ದಂತೆ ತಾನೇ ಗುರುತಿಸಿಕೊಳ್ಳುತ್ತಾನೆ, ಅವನ ಜೊತೆಯವರೂ ಊಹಿಸಿಯಾರು. ಸಂದೇಶ ಉದ್ದವಾಗಿತ್ತು, ಸಾರ ಇಷ್ಟು: 'ಜನಗಣಮನ'ವನ್ನು ರವೀಂದ್ರನಾಥ ಠಾಕೂರರು 1911ರಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯ ಸ್ವಾಗತಕ್ಕಾಗಿ ಬರೆದರು, ದೊರೆಯ ಸಮ್ಮುಖದಲ್ಲೇ ಅದನ್ನು ಹಾಡಲಾಯಿತು, ಅವನು ಮೆಚ್ಚಿ ಕವಿಗೆ ನೊಬೆಲ್ ಬಹುಮಾನ ಕೊಡಿಸಿದ, ಕವಿ ಈ ಗುಟ್ಟನ್ನು ಬಂಧುವೊಬ್ಬರಿಗೆ ಪತ್ರದಲ್ಲಿ ತಿಳಿಸಿ, ತಾನು ಸತ್ತ ಮೇಲೆ ಬಹಿರಂಗಪಡಿಸಬೇಕೆಂದು ಕೋರಿದ. ಕೊನೆಯಲ್ಲಿ, ನಿಜವಾದ ಭಾರತೀಯನಾಗಿದ್ದರೆ ಹತ್ತು ಜನರಿಗೆ ಕಳುಹಿಸು ಎಂಬ ಆಜ್ಞೆ.

ಮರುದಿನ ಧ್ವಜಾರೋಹಣ ಮುಗಿಸಿಕೊಂಡು ಬಂದು ಅವನಿಗೆ ದೂರವಾಣಿ ಮಾಡಿದೆ. "ಏನಪ್ಪಾ, ಇಂಥ ಸುಳ್ಳನ್ನು ನೀನೂ ಹಂಚುವುದೇ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಸಾರ್, ತಪ್ಪು ತಿಳಿಯಬೇಡಿ. ನಾನು ಇದನ್ನು ಮೊದಲು ಕೇಳಿದ್ದು ವಾಟ್ಸಾಪಿನಲ್ಲಲ್ಲ. ನಿಮ್ಮ ಪಾಠದಲ್ಲಿ" ಎಂದ. ಅವನ ಮಗಳು ಈಗ ಎಂಟನೆಯ ತರಗತಿಯಲ್ಲಿದ್ದಾಳೆ. "ಇಂಗ್ಲೆಂಡಿನ ರಾಜನ ಹಾಡನ್ನು ನಾನೇಕೆ ಹಾಡಬೇಕು?" ಎಂದು ಅವಳು ಕೇಳಿದ್ದಳಂತೆ. ಇವನು, "ನಮ್ಮ ಮೇಷ್ಟ್ರೂ ಹಾಗೆಯೇ ಹೇಳುತ್ತಿದ್ದರು, ಆದರೂ ಎದ್ದು ನಿಲ್ಲಬೇಕಮ್ಮ" ಎಂದು ಸಮಾಧಾನ ಮಾಡಿದ್ದನಂತೆ.

ಅವನ ಮಾತು ನಿಜ. ನಾನು ಹೇಳಿದ್ದುಂಟು. ಬಿ.ಎಡ್. ಓದುವಾಗ ವಿದ್ಯಾರ್ಥಿನಿಲಯದ ಜಗಲಿಯಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಎಲ್ಲಿಯೂ ಪರಿಶೀಲಿಸದೆ, ಪಠ್ಯಪುಸ್ತಕದಲ್ಲಿಲ್ಲದ ಗುಟ್ಟೊಂದನ್ನು ಬಲ್ಲೆನೆಂಬ ಬಿಂಕದಿಂದ ಕೆಲವು ವರ್ಷ ತರಗತಿಯಲ್ಲಿ ಹೇಳಿದೆ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಆ ಕಣ್ಣುಗಳ ಆಸೆಗೆ ಹೇಳಿದೆನೆಂದರೂ ಸರಿಯೇ. ಆಮೇಲೆ ಓದಿ ತಿಳಿದು ಹೇಳುವುದನ್ನು ನಿಲ್ಲಿಸಿದೆನೇ ಹೊರತು, ಹಿಂದೆ ಹೇಳಿದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಆ ತಂಡಗಳು ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದವು. ಆದುದರಿಂದ ಈ ಲೇಖನದ ಅರ್ಧ ಜಗಳ ನನ್ನೊಡನೆಯೇ. ಉಳಿದರ್ಧ, 2025ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲೇ ಸಾರ್ವಜನಿಕ ವೇದಿಕೆಯೊಂದರಿಂದ ಇದೇ ಮಾತು ಕೇಳಿಬಂದಾಗ ಚಪ್ಪಾಳೆ ತಟ್ಟಿದವರೊಡನೆ.

ಮೊದಲು ದಿನಾಂಕಗಳನ್ನು ನೋಡೋಣ. ಸಮಾಜಶಾಸ್ತ್ರದ ಮೇಷ್ಟ್ರು ದಿನಾಂಕ ಹೇಳದೆ ಬಿಟ್ಟಾನೆಯೇ ಎಂದು ನೀವು ನಗಬಹುದು. ದೆಹಲಿ ದರ್ಬಾರು ನಡೆದುದು 1911ರ ಡಿಸೆಂಬರ್ 12ರಂದು. ವಂಗಭಂಗವನ್ನು ರದ್ದುಗೊಳಿಸುವ, ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಒಯ್ಯುವ ಘೋಷಣೆಗಳು ಅಲ್ಲಿಯೇ ಆದವು. ಆ ದರ್ಬಾರಿನಲ್ಲಿ ಈ ಹಾಡನ್ನು ಯಾರೂ ಹಾಡಲಿಲ್ಲ. ಹಾಡಿದ್ದು ಡಿಸೆಂಬರ್ 27ರಂದು, ಕಲ್ಕತ್ತೆಯಲ್ಲಿ, ಬಿಷನ್ ನಾರಾಯಣ ದರ್ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನದ ಎರಡನೆಯ ದಿನ. ಚಕ್ರವರ್ತಿ ಕಲ್ಕತ್ತೆಗೆ ಬಂದಿಳಿದುದು ಡಿಸೆಂಬರ್ 30ರಂದು. ಮೂರು ದಿನಗಳ ಬಳಿಕ ಊರಿಗೆ ಬಂದವನ ಸಮ್ಮುಖದಲ್ಲಿ ಹಾಡಿದ್ದು ಹೇಗೆ? ಇಷ್ಟು ಸಣ್ಣ ಲೆಕ್ಕವನ್ನು ನಾನು ಅಂದು ಮಾಡಲಿಲ್ಲ. ಹತ್ತು ಜನರಿಗೆ ಕಳುಹಿಸುವವರು ಇಂದೂ ಮಾಡುವುದಿಲ್ಲ.

ಹಾಗಾದರೆ ಈ ಮಾತು ಹುಟ್ಟಿದ್ದಾದರೂ ಎಲ್ಲಿ? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲವೆನ್ನುವವರಿಗೆ ನಾನು ಬೆಂಕಿಯನ್ನೇ ತೋರಿಸುತ್ತೇನೆ. ಅಂದಿನ ಕಲಾಪ 'ಜನಗಣಮನ'ದಿಂದ ಆರಂಭವಾಯಿತು. ಆ ಬಳಿಕ ವಂಗಭಂಗ ರದ್ದಾದುದಕ್ಕೆ ಕೃತಜ್ಞತೆಯಾಗಿ ಚಕ್ರವರ್ತಿಯನ್ನು ಸ್ವಾಗತಿಸುವ ನಿರ್ಣಯವಾಯಿತು. ಅಂದಿನ ಕಾಂಗ್ರೆಸ್ಸು ಅಂಥದಾಗಿತ್ತು, ಅದನ್ನು ಮುಚ್ಚಿಡಬೇಕಾದುದೇನೂ ಇಲ್ಲ. ಅನಂತರ ದೊರೆಯನ್ನು ಹೊಗಳುವ ಹಿಂದಿ ಹಾಡೊಂದನ್ನು ಹಾಡಿದರು. ಅದು ರಾಮಭುಜ ಚೌಧರಿಯವರ ರಚನೆ. ಒಂದೇ ಚಪ್ಪರದಡಿ ಒಂದೇ ದಿನ ಎರಡು ಹಾಡು. 'ಅಮೃತ ಬಜಾರ್ ಪತ್ರಿಕೆ'ಯಂಥ ದೇಶೀಯ ಪತ್ರಿಕೆಗಳು ಎರಡನ್ನೂ ಬೇರ್ಪಡಿಸಿ ಸರಿಯಾಗಿಯೇ ವರದಿ ಮಾಡಿದವು. 'ಸ್ಟೇಟ್ಸ್‌ಮನ್', 'ಇಂಗ್ಲಿಷ್‌ಮನ್'ಗಳೆಂಬ ಆಂಗ್ಲರ ಪತ್ರಿಕೆಗಳು ಎರಡನ್ನೂ ಕಲಸಿ, ಬಂಗಾಳಿ ಕವಿ ರವೀಂದ್ರನಾಥರು ಚಕ್ರವರ್ತಿಯ ಸ್ವಾಗತಕ್ಕೆಂದು ಗೀತೆ ರಚಿಸಿದರೆಂದು ಬರೆದವು. ನೂರು ವರ್ಷಗಳಿಗೂ ಮಿಗಿಲಾಗಿ ನಾವು ಹೊತ್ತು ತಿರುಗುತ್ತಿರುವುದು ಈ ವರದಿಯನ್ನು. ಬ್ರಿಟಿಷರ ಪತ್ರಿಕೆಗಳನ್ನು ಬೇರೆ ಯಾವ ವಿಷಯದಲ್ಲೂ ನಂಬದ ನಮ್ಮ ದೇಶಭಕ್ತರು ಇದೊಂದರಲ್ಲಿ ಮಾತ್ರ ಅವುಗಳನ್ನು ವೇದವಾಕ್ಯವೆಂದು ನಂಬುತ್ತಾರೆ!

ಮುಂದಿನ ತಿಂಗಳೇ, 1912ರ ಜನವರಿಯಲ್ಲಿ, ಗೀತೆಯು 'ಭಾರತ ಭಾಗ್ಯವಿಧಾತಾ' ಎಂಬ ಶೀರ್ಷಿಕೆಯಲ್ಲಿ 'ತತ್ತ್ವಬೋಧಿನೀ ಪತ್ರಿಕೆ'ಯಲ್ಲಿ ಅಚ್ಚಾಯಿತು. ಅದು ಬ್ರಾಹ್ಮ ಸಮಾಜದ ಪತ್ರಿಕೆ. ಗೀತೆಯನ್ನು ಕರೆದುದು ಬ್ರಹ್ಮಸಂಗೀತವೆಂದು, ಎಂದರೆ ಪ್ರಾರ್ಥನಾಗೀತೆಯೆಂದು. ಅದೇ ತಿಂಗಳು ಸಮಾಜದ ಮಾಘೋತ್ಸವದಲ್ಲೂ ಅದನ್ನು ಹಾಡಿದರು. ಇನ್ನೊಂದು ಸಂಗತಿ: ಸುಮಾರು ಇದೇ ಸಮಯದಲ್ಲಿ ಪೂರ್ವ ಬಂಗಾಳದ ಸರ್ಕಾರವು, ಶಾಂತಿನಿಕೇತನದ ಶಾಲೆ ಸರ್ಕಾರಿ ನೌಕರರ ಮಕ್ಕಳಿಗೆ ತಕ್ಕುದಲ್ಲವೆಂದು ಸುತ್ತೋಲೆ ಹೊರಡಿಸಿತ್ತು. ದೊರೆಯನ್ನು ಸ್ತುತಿಸಿದ ಆಸ್ಥಾನಕವಿಗೆ ಸಂದ ಬಹುಮಾನ ನೋಡಿ!

ನೊಬೆಲ್ ಬಹುಮಾನದ ಮಾತಿಗೆ ಎರಡು ಸಾಲು ಸಾಕು. 1913ರಲ್ಲಿ ಅದನ್ನು ಕೊಟ್ಟದ್ದು ಸ್ವೀಡನ್ನಿನ ಅಕಾಡೆಮಿ, ಇಂಗ್ಲೆಂಡಿನ ಅರಮನೆಯಲ್ಲ. ಇಂಗ್ಲಿಷಿನ 'ಗೀತಾಂಜಲಿ'ಯಲ್ಲಿ 'ಜನಗಣಮನ' ಇಲ್ಲವೇ ಇಲ್ಲ.

ಈಗ ಗೀತೆಯ ಒಳಕ್ಕೆ ಹೋಗೋಣ. ನಾವು ಹಾಡುವುದು ಮೊದಲ ಚರಣವನ್ನು ಮಾತ್ರ, ಇರುವುದು ಐದು. ಎರಡನೆಯದರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ, ಪಾರಸಿಕ, ಮುಸಲ್ಮಾನ, ಕ್ರೈಸ್ತರೆಲ್ಲರೂ ಆ ವಿಧಾತನ ಕರೆಗೆ ಓಗೊಟ್ಟು ಬರುತ್ತಾರೆ. ಮೂರನೆಯದರಲ್ಲಿ ಅವನು ಯುಗಯುಗಗಳ ಏರಿಳಿತದ ಹಾದಿಯಲ್ಲಿ ರಥ ನಡೆಸುವವನು. ಕ್ರಾಂತಿಯ ನಡುವೆ ಅವನ ಶಂಖ ಮೊಳಗುತ್ತದೆ. ಚಕ್ರವರ್ತಿಯ ಸ್ವಾಗತಗೀತೆಯಲ್ಲಿ ದಾರುಣವಾದ ಕ್ರಾಂತಿಗೇನು ಕೆಲಸ? ನಾಲ್ಕನೆಯ ಚರಣವಂತೂ ಈ ಕಟ್ಟುಕಥೆಯ ಬುಡವನ್ನೇ ಕೀಳುತ್ತದೆ. ಕತ್ತಲ ರಾತ್ರಿಯಲ್ಲಿ ಮೂರ್ಛೆಹೋದ, ಪೀಡಿತವಾದ ದೇಶವನ್ನು ಮಡಿಲಲ್ಲಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ಕಾಯುವವಳನ್ನು ಕವಿ ಅಲ್ಲಿ ತಾಯಿಯೆಂದು ಕರೆಯುತ್ತಾನೆ. ಮೀಸೆ, ಗಡ್ಡ, ಕಿರೀಟಗಳ ಐದನೆಯ ಜಾರ್ಜನನ್ನು ಮಮತೆಯ ಮಾತೆಯೆಂದು ಯಾವ ಹೊಗಳುಭಟನೂ ಕರೆಯಲಾರ. ದೇಶಕ್ಕೆ ಆ ದುಃಸ್ವಪ್ನದ ರಾತ್ರಿ ಕವಿದದ್ದಾದರೂ ಯಾರ ಆಳ್ವಿಕೆಯಲ್ಲಿ?

ಎದುರು ಪಕ್ಷದವರ ಕೈಯಲ್ಲಿ ಒಂದೆರಡು ಕಲ್ಲುಗಳಿವೆ, ಅವನ್ನೂ ನಾನೇ ಎತ್ತಿ ಕೊಡುತ್ತೇನೆ. ಎರಡನೆಯ ಚರಣದಲ್ಲಿ ಸಿಂಹಾಸನದ ಮಾತಿದೆ. ಕೊನೆಯ ಚರಣದಲ್ಲಿ 'ರಾಜೇಶ್ವರ' ಎಂಬ ಸಂಬೋಧನೆಯಿದೆ. ಮೊದಲನೆಯದರಲ್ಲಿ 'ಅಧಿನಾಯಕ' ಇದ್ದೇ ಇದೆ. ಇವು ರಾಜನಿಗೆ ಸಲ್ಲುವ ಪದಗಳಲ್ಲವೇ? ಸಲ್ಲುತ್ತವೆ. ಆದರೆ ಭಕ್ತಿಯ ಭಾಷೆ ಎಲ್ಲಿಯೂ ಹೀಗೆಯೇ ಇದೆ. ನಮ್ಮ ಶರಣರು ಶಿವನನ್ನು ಒಡೆಯನೆಂದು ಕರೆದರು. ಹಾಗೆಂದು ಅವರ ವಚನಗಳು ಮೈಸೂರು ಒಡೆಯರ ಸ್ತುತಿಯೆನ್ನುತ್ತೀರಾ? ದಾಸರು ತಿರುಪತಿಯ ತಿಮ್ಮಪ್ಪನನ್ನು ರಾಯನೆಂದು ಹಾಡಿದರೆ ಅದು ವಿಜಯನಗರದ ಕೃಷ್ಣರಾಯನಾದೀತೇ?

ನಿಜವಾಗಿ ಅರಸನಿಗಾಗಿ ಬರೆದ ಹಾಡು ಹೇಗಿರುತ್ತದೆಂಬುದು ಕನ್ನಡಿಗರಿಗೆ ಗೊತ್ತು. ಹಳೆಯ ಮೈಸೂರು ಸೀಮೆಯ ಹಿರಿಯರಲ್ಲಿ 'ಕಾಯೌ ಶ್ರೀಗೌರಿ'ಯನ್ನು ಬಲ್ಲವರು ಈಗಲೂ ಇದ್ದಾರೆ. ಅಭಿನವ ಕಾಳಿದಾಸರೆಂದು ಹೆಸರಾದ ಬಸವಪ್ಪ ಶಾಸ್ತ್ರಿಗಳು ರಚಿಸಿದ, ಮೈಸೂರು ಸಂಸ್ಥಾನದ ಅಧಿಕೃತ ಗೀತೆ ಅದು. ನನ್ನ ತಾಯಿ ಬಾಲ್ಯದಲ್ಲಿ ಶಾಲೆಯಲ್ಲಿ ಹಾಡುತ್ತಿದ್ದುದನ್ನು ಎಷ್ಟೋ ಸಲ ನಮಗೆ ಹಾಡಿ ತೋರಿಸಿದ್ದಳು. ಅಲ್ಲಿ ದೇವಿಯನ್ನು ಬೇಡುವುದು ಅರಸನನ್ನು ಕಾಪಾಡೆಂದು, ಅರಸನ ಹೆಸರೂ ಬರುತ್ತದೆ. ಇಂಗ್ಲೆಂಡಿನವರ ಗೀತೆಯ ಒಕ್ಕಣೆಯೂ ಅದೇ, ದೊರೆಯನ್ನು ಕಾಪಾಡೆಂದು ದೇವರಲ್ಲಿ ಬೇಡಿಕೆ. ಇದರಲ್ಲಿ ತಪ್ಪೇನಿಲ್ಲ, ರಾಜಗೀತೆಯ ಲಕ್ಷಣವೇ ಹಾಗೆ: ಕಾಯುವವನು ದೇವರು, ಕಾಯಲ್ಪಡಬೇಕಾದವನು ಅರಸ. 'ಜನಗಣಮನ'ದ ಐದು ಚರಣಗಳನ್ನೂ ಜರಡಿ ಹಿಡಿಯಿರಿ, ಅಂಥ ಅರಸನೊಬ್ಬನೂ ಸಿಗುವುದಿಲ್ಲ. ಅಲ್ಲಿ ಇರುವುದು ವಿಧಾತ, ಅವನು ಕಾಯುವ ಜನ, ಅಷ್ಟೇ.

"ಹಾಗಿದ್ದರೆ ಕವಿ ಅಂದೇ ಏಕೆ ನಿರಾಕರಿಸಲಿಲ್ಲ?" ಎಂಬ ಪ್ರಶ್ನೆಯನ್ನು ಮಾತ್ರ ನಾನು ಗೌರವಿಸುತ್ತೇನೆ. 1911ರಲ್ಲಿ ಅವರು ಬಹಿರಂಗವಾಗಿ ಪ್ರತಿಭಟಿಸಿದ್ದರೆ ನಮಗೆ ಈ ಕಷ್ಟವಿರುತ್ತಿರಲಿಲ್ಲ. ಅವರು ಬರೆದುದು ಬಹಳ ತಡವಾಗಿ, 1937ರ ನವೆಂಬರ್ 10ರಂದು, ಪುಲಿನ್ ಬಿಹಾರಿ ಸೇನರು ಕೇಳಿದಾಗ. ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಸ್ನೇಹಿತರೊಬ್ಬರು ಚಕ್ರವರ್ತಿಯ ಮೇಲೊಂದು ಹಾಡು ಬರೆದುಕೊಡಲು ಕೇಳಿದ್ದು ನಿಜ. ಆ ಕೋರಿಕೆಯಿಂದ ಮನಸ್ಸು ಕಲಕಿಹೋಗಿ, ಅದಕ್ಕೆ ಪ್ರತಿಯಾಗಿ ಭಾರತದ ಭಾಗ್ಯವಿಧಾತನಿಗೆ ಜಯ ಹಾಡಿದೆ. ಯುಗಯುಗಗಳಿಂದ ರಥ ನಡೆಸುವವನು ಐದನೆಯ ಜಾರ್ಜನಾಗಲಿ ಬೇರೆ ಯಾವ ಜಾರ್ಜನಾಗಲಿ ಆಗಿರಲಾರನೆಂಬುದು ಆ ಸ್ನೇಹಿತರಿಗೂ ತಿಳಿಯಿತು. ಇದು ಆ ಪತ್ರದ ತಾತ್ಪರ್ಯ. 1939ರಲ್ಲಿ ಇನ್ನೊಂದು ಪತ್ರದಲ್ಲಿ, ತನ್ನನ್ನು ಅಷ್ಟು ಮೂಢನೆಂದು ಬಗೆಯುವವರಿಗೆ ಉತ್ತರ ಕೊಡುವುದೇ ತನಗೆ ಅವಮಾನವೆಂದರು. ಈ ಮಾತುಗಳೆಲ್ಲ ಅವರು ಬದುಕಿದ್ದಾಗಲೇ ಕೈಯಾರೆ ಬರೆದವು. ಸತ್ತ ಮೇಲೆ ತೆರೆಯಬೇಕಾದ ಗುಟ್ಟಿನ ಪತ್ರದ ಕಥೆ ಕಟ್ಟಿದವರು ಈ ನಿಜವಾದ ಪತ್ರಗಳನ್ನು ಓದುವ ಶ್ರಮ ತೆಗೆದುಕೊಳ್ಳಲಿಲ್ಲ.

1937ರ ಆ ತಿಂಗಳನ್ನು ಗಮನಿಸಿ. ಕೆಲವೇ ವಾರಗಳ ಹಿಂದೆ ಕಾಂಗ್ರೆಸ್ಸು, ರವೀಂದ್ರರ ಸಲಹೆಯನ್ನೂ ಕೇಳಿ, 'ವಂದೇ ಮಾತರಂ'ನ ಮೊದಲ ಎರಡು ಚರಣಗಳನ್ನಷ್ಟೇ ಸಭೆಗಳಲ್ಲಿ ಹಾಡುವುದೆಂದು ತೀರ್ಮಾನಿಸಿತ್ತು. ಆ ಸಿಟ್ಟಿನ ಕಾವಿನಲ್ಲಿಯೇ ಹಳೆಯ ಅಪವಾದವನ್ನು ಕೆದಕಲಾಯಿತು. ಇಂದಿಗೂ 'ವಂದೇ ಮಾತರಂ'ನ ಹಿರಿಮೆ ಹೇಳಹೊರಟವರು 'ಜನಗಣಮನ'ವನ್ನು ಹಳಿಯದೆ ಮಾತು ಮುಗಿಸುವುದಿಲ್ಲ. ಅವರ ಗಮನಕ್ಕೆ: 1896ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ 'ವಂದೇ ಮಾತರಂ' ಹಾಡಿದ ಕಂಠ ಇದೇ ರವೀಂದ್ರನಾಥರದು. ಅಕ್ಕತಂಗಿಯರಂತಿರುವ ಎರಡು ಹಾಡುಗಳನ್ನು ನಾವು ಸವತಿಯರನ್ನಾಗಿ ಮಾಡಿದ್ದೇವೆ.

ಈಗ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಕೋಲಾರದ ಗಡಿ ದಾಟಿದರೆ ಆಂಧ್ರದಲ್ಲಿ ಮದನಪಲ್ಲಿ ಸಿಗುತ್ತದೆ. ಅಲ್ಲಿನ ಬೆಸೆಂಟ್ ಥಿಯೊಸಾಫಿಕಲ್ ಕಾಲೇಜಿಗೆ ಆಗ ಪ್ರಾಂಶುಪಾಲರಾಗಿದ್ದವರು ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿ. 1919ರ ಆರಂಭದಲ್ಲಿ ದಕ್ಷಿಣ ಪ್ರವಾಸ ಕೈಗೊಂಡು ಬೆಂಗಳೂರಿಗೂ ಬಂದಿದ್ದ ರವೀಂದ್ರರು ಫೆಬ್ರವರಿಯಲ್ಲಿ ವಿಶ್ರಾಂತಿಗೆಂದು ಅಲ್ಲಿ ತಂಗಿದರು. ವಿದ್ಯಾರ್ಥಿಗಳ ನಡುವೆ ತಾವೇ ಈ ಗೀತೆ ಹಾಡಿದರು. ಕೇಳಿದವರು ಮರುಳಾದರು. ಕಸಿನ್ಸರ ಪತ್ನಿ ಮಾರ್ಗರೆಟ್ ಪಾಶ್ಚಾತ್ಯ ಸಂಗೀತ ಬಲ್ಲವರು. ಕವಿಯಿಂದ ಹಾಡಿಸಿ ಕೇಳಿ ಸ್ವರಲಿಪಿ ಬರೆದುಕೊಂಡರು. ಕವಿ ಅಲ್ಲಿಯೇ ಅದನ್ನು ಇಂಗ್ಲಿಷಿಗೆ ಅನುವಾದಿಸಿ 'ಭಾರತದ ಪ್ರಭಾತಗೀತೆ' ಎಂಬರ್ಥದ ಹೆಸರಿಟ್ಟರು. ಅದರ ಮೇಲಿರುವ ದಿನಾಂಕ ಫೆಬ್ರವರಿ 28. ಕಾಲೇಜು ಅದನ್ನು ತನ್ನ ಪ್ರಾರ್ಥನೆಯಾಗಿ ಇರಿಸಿಕೊಂಡಿತು.

ಈ ಕಸಿನ್ಸ್ ಯಾರು? 1916ರಲ್ಲಿ ಡಬ್ಲಿನ್ನಿನಲ್ಲಿ ಐರಿಷರು ಬ್ರಿಟಿಷರ ವಿರುದ್ಧ ದಂಗೆಯೆದ್ದಾಗ, ಅನಿ ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲಿ ದಂಗೆಕೋರರನ್ನು ಹೊಗಳಿ ಬರೆದು, ಅಲ್ಲಿನ ಕೆಲಸ ಕಳೆದುಕೊಂಡವರು. ಅಂಥ ಐರಿಷ್ ಮನುಷ್ಯ ತನ್ನ ಕಾಲೇಜಿನಲ್ಲಿ ಇಂಗ್ಲೆಂಡಿನ ದೊರೆಯ ಸ್ತೋತ್ರವನ್ನು ದಿನವೂ ಹಾಡಿಸುತ್ತಿದ್ದರೇ? ಕಥೆ ಇಲ್ಲಿಗೇ ನಿಲ್ಲುವುದಿಲ್ಲ. 1924ರಲ್ಲಿ ಮೈಸೂರಿನಲ್ಲಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಮಲೆನಾಡಿನ ಹುಡುಗನೊಬ್ಬ ಇದೇ ಕಸಿನ್ಸರಿಗೆ ತನ್ನ ಕವಿತೆಗಳನ್ನು ತೋರಿಸಿದ. ನಿನ್ನ ತಾಯಿನುಡಿಯಲ್ಲಿ ಬರೆ ಎಂದು ಅವರು ಹೇಳಿ ಕಳುಹಿಸಿದರು. ಆ ಹುಡುಗ ಕುವೆಂಪು. ಅವರ 'ಜಯ ಭಾರತ ಜನನಿಯ ತನುಜಾತೆ' 2004ರ ಜನವರಿಯಲ್ಲಿ ನಮ್ಮ ನಾಡಗೀತೆಯಾಯಿತು. ಅದರಲ್ಲಿಯೂ ಹಿಂದೂ, ಕ್ರೈಸ್ತ, ಮುಸಲ್ಮಾನ, ಪಾರಸಿಕ, ಜೈನರು ಒಟ್ಟಿಗೆ ಬರುತ್ತಾರೆ. ರವೀಂದ್ರರ ಎರಡನೆಯ ಚರಣವನ್ನು ಬಲ್ಲವರಿಗೆ ಇದು ಕಿವಿಗೆ ಬೀಳದೆ ಇರದು.

ಮದನಪಲ್ಲಿಯಿಂದ ಮೂರು ತಿಂಗಳು ಕಳೆಯುವಷ್ಟರಲ್ಲಿ ಜಲಿಯನ್‌ವಾಲಾ ಬಾಗ್ ನಡೆದುಹೋಗಿತ್ತು. ಮೇ ತಿಂಗಳ ಕೊನೆಯಲ್ಲಿ ರವೀಂದ್ರರು 1915ರಲ್ಲಿ ಬಂದಿದ್ದ 'ಸರ್' ಪದವಿಯನ್ನು ವೈಸರಾಯ್ ಚೆಲ್ಮ್ಸ್‌ಫರ್ಡನಿಗೆ ಪತ್ರ ಬರೆದು ಬಿಟ್ಟುಕೊಟ್ಟರು. ಹಾಗೆಯೇ, 1942ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸುಭಾಷ್‌ಚಂದ್ರ ಬೋಸರ ಸಮಾರಂಭದಲ್ಲಿ ವಾದ್ಯವೃಂದ ನುಡಿಸಿದ್ದು ಇದೇ 'ಜನಗಣಮನ'ವನ್ನು. ಆಜಾದ್ ಹಿಂದ್ ಸರ್ಕಾರದ 'ಶುಭ್ ಸುಖ್ ಚೈನ್' ಗೀತೆಯ ರಾಗವೂ ಇದೇ. ನೇತಾಜಿಯವರ ಭಾವಚಿತ್ರದೊಡನೆಯೇ 'ಜಾರ್ಜನ ಹಾಡು' ಎಂಬ ಸಂದೇಶ ಕಳುಹಿಸುವವರು, ಬಂಗಾಳಿ ಬಲ್ಲ ಆ ಬಂಗಾಳಿ ವೀರನಿಗಿಂತ ತಮಗೆ ಹೆಚ್ಚು ಅರ್ಥವಾಗಿದೆಯೆಂದು ತಿಳಿದಿದ್ದಾರೆಯೇ?

ಇನ್ನು ಹೊಗಳುವವರ ಸುಳ್ಳು. ವಿಶ್ವದ ಅತ್ಯುತ್ತಮ ರಾಷ್ಟ್ರಗೀತೆಯೆಂದು ಯುನೆಸ್ಕೋ 'ಜನಗಣಮನ'ವನ್ನು ಘೋಷಿಸಿದೆ ಎಂಬ ಸುದ್ದಿ 2008ರ ಸುಮಾರಿಗೆ ಮಿಂಚಂಚೆಯಲ್ಲಿ ಬಂತು, ಈಗ ಮೊಬೈಲಿನಲ್ಲಿ ಬರುತ್ತಿದೆ. ನಮ್ಮ ಬಂಧುವರ್ಗದ ಗುಂಪಿನಲ್ಲೇ ಪ್ರತಿ ಆಗಸ್ಟಿನಲ್ಲೂ ಜನವರಿಯಲ್ಲೂ ಒಮ್ಮೆ ಬರುತ್ತದೆ. ಕಳುಹಿಸುವ ಭಾವನವರು ಬೇಸರಿಸಬಾರದು. ಯುನೆಸ್ಕೋ ಅಂಥ ಸ್ಪರ್ಧೆಯನ್ನೇ ನಡೆಸಿಲ್ಲ, ತಾನು ಹಾಗೆ ಹೇಳಿಲ್ಲವೆಂದು ಸ್ಪಷ್ಟಪಡಿಸಿಯೂ ಆಗಿದೆ. ಹಳಿಯುವವರು, ಹೊಗಳುವವರು ಇಬ್ಬರೂ ಹಾಡನ್ನು ಓದಿಲ್ಲ. 2016ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸಿನಿಮಾ ಮಂದಿರಗಳಲ್ಲಿ ರಾಷ್ಟ್ರಗೀತೆಯನ್ನು ಕಡ್ಡಾಯಗೊಳಿಸಿ, 2018ರ ಜನವರಿಯಲ್ಲಿ ಅದನ್ನು ಐಚ್ಛಿಕಗೊಳಿಸಿತು. ನಡುವಣ ಆ ದಿನಗಳಲ್ಲಿ ಎದ್ದು ನಿಲ್ಲದವರ ಮೇಲೆ ಹರಿಹಾಯ್ದ ಒಬ್ಬರನ್ನು ನಾನು ಬಲ್ಲೆ. ಇಂದು ಜಾರ್ಜನ ಕಥೆಯನ್ನು ಹಂಚುತ್ತಿರುವವರಲ್ಲಿ ಅವರೂ ಒಬ್ಬರು.

ತರಗತಿಯಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಬೇರೆಯೇ: "ಸಾರ್, ಇದರಲ್ಲಿ ಕರ್ನಾಟಕದ ಹೆಸರೇಕಿಲ್ಲ?" 1911ರಲ್ಲಿ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ; ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ನಾವು ಹಂಚಿಹೋಗಿದ್ದೆವು. 'ದ್ರಾವಿಡ'ದೊಳಗೆ ನಾವೂ ಇದ್ದೇವೆ. ಅಸ್ಸಾಮಿನ, ಕಾಶ್ಮೀರದ ಹೆಸರೂ ಇಲ್ಲ. ಸಿಂಧ್ ಪಾಕಿಸ್ತಾನಕ್ಕೆ ಹೋದುದರಿಂದ ಆ ಹೆಸರು ತೆಗೆಯಬೇಕೆಂದು ಒಬ್ಬರು ಸರ್ವೋಚ್ಚ ನ್ಯಾಯಾಲಯಕ್ಕೇ ಹೋದರು. 2005ರಲ್ಲಿ ಅರ್ಜಿ ವಜಾ ಆಯಿತು. ಕವಿತೆಯೆಂದರೆ ಕಂದಾಯ ಇಲಾಖೆಯ ನಕ್ಷೆಯಲ್ಲ. ಆದರೆ ಈ ಪ್ರಶ್ನೆ ಕೇಳಿದ ಮಕ್ಕಳ ಬಗ್ಗೆ ನನಗೆ ಅಭಿಮಾನವೇ. ಅವರು ಪದಗಳನ್ನು ಕಿವಿಗೊಟ್ಟು ಕೇಳಿದ್ದರು.

1950ರ ಜನವರಿ 24ರಂದು ಸಂವಿಧಾನ ಸಭೆಯಲ್ಲಿ ರಾಜೇಂದ್ರ ಪ್ರಸಾದರು ಹೇಳಿಕೆಯೊಂದನ್ನು ಓದಿ ವಿಷಯ ಮುಗಿಸಿದರು: 'ಜನಗಣಮನ' ರಾಷ್ಟ್ರಗೀತೆ, 'ವಂದೇ ಮಾತರಂ'ಗೂ ಅದಕ್ಕೆ ಸಮನಾದ ಗೌರವ. ಮತದಾನವೂ ನಡೆಯಲಿಲ್ಲ. ಅಂದು ಸಭೆ ಎರಡನ್ನೂ ಹಾಡಿ ಎದ್ದಿತು. ಅಲ್ಲಿ ಕುಳಿತಿದ್ದವರಲ್ಲಿ ಬ್ರಿಟಿಷರ ಸೆರೆಮನೆ ಕಂಡವರು ಎಷ್ಟೋ ಮಂದಿ. ತಮ್ಮನ್ನು ಜೈಲಿಗೆ ತಳ್ಳಿದವರ ಅಪ್ಪನನ್ನೋ ಅಜ್ಜನನ್ನೋ ಹೊಗಳುವ ಹಾಡನ್ನು ಅವರು ತಿಳಿಯದೆ ಆರಿಸಿಕೊಂಡರೆಂಬುದು ಅವರಿಗೆ ಮಾಡುವ ಅವಮಾನ. ನಾನೂ ಕೆಲವು ವರ್ಷ ಆ ಅವಮಾನ ಮಾಡಿದೆ.

1985ರಿಂದ 1990ರವರೆಗೆ ನನ್ನ ತರಗತಿಯಲ್ಲಿ ಕುಳಿತಿದ್ದವರೆಲ್ಲರೂ ಇದನ್ನು ನನ್ನ ತಿದ್ದುಪಡಿಯೆಂದು ತಿಳಿಯಬೇಕು. ನಿಮ್ಮಲ್ಲಿ ಮೂರು ಮಂದಿ ಈಗ ಉಪಾಧ್ಯಾಯರಾಗಿದ್ದೀರಿ. ನನ್ನಿಂದ ಕೇಳಿದ್ದನ್ನು ನೀವೂ ಎಲ್ಲಿಯಾದರೂ ಹೇಳಿದ್ದರೆ ನಾಳೆಯೇ ತಿದ್ದಿಬಿಡಿ, ನನ್ನಂತೆ ಮೂವತ್ತೈದು ವರ್ಷ ಕಾಯಬೇಡಿ.

ಇದನ್ನು ಬರೆಯುವ ಮೊದಲು ಆ ವಿದ್ಯಾರ್ಥಿಯ ಮಗಳೊಡನೆ ಇಪ್ಪತ್ತು ನಿಮಿಷ ದೂರವಾಣಿಯಲ್ಲಿ ಮಾತನಾಡಿದೆ. ಅವಳು ಎಲ್ಲವನ್ನೂ ಕೇಳಿ, "ತಾತ, ತಾಯಿ ಬರುವ ಆ ನಾಲ್ಕನೆಯ ಚರಣ ನನಗೆ ಬೇಕು" ಎಂದಳು. ಕನ್ನಡ ಲಿಪಿಯಲ್ಲಿ ಐದೂ ಚರಣಗಳನ್ನು ಅರ್ಥಸಹಿತ ದೊಡ್ಡ ಅಕ್ಷರದಲ್ಲಿ ಬರೆದು, ನೆನ್ನೆ ಅಂಚೆಗೆ ಹಾಕಿದ್ದೇನೆ. ಬೇಕಾದವರು ವಿಳಾಸ ತಿಳಿಸಿದರೆ ಅವರಿಗೂ ಬರೆದು ಕಳುಹಿಸುವೆ.